ಕೀ ಕೊಡ್ರಿ ಅಂದಾಗ

“ಲಾಕ್ ಕೀ ಕೊಡ್ರಿ ಅಣ್ಣಾರ.”

“ತಗೊ.”

ಅವರು ಕೈಗಿಟ್ಟದ್ದು ಗಾಡಿ ಚಾಲೂ ಮಾಡುವ ಕೀ. ಹುಡುಗ ಅದನ್ನೇ ನೋಡುತ್ತ ನಿಂತ. “ಇದಲ್ರಿ, ಗಾಲಿ ನಟ್ಟಿಂದು.”

“ಗಾಲಿಗೂ ಬ್ಯಾರೆ ಕೀ ಇರತೈತೇನಪಾ?”

ಈ ಮಂಗಳವಾರ ಗಂಗಾವತಿಯ ಟೈರ್ ಅಂಗಡಿಯೊಂದರಲ್ಲಿ ನಡೆದ ಮಾತಿದು. ಇನ್ನೂ ಕಿವಿಯಿಂದ ಹೋಗಿಲ್ಲ. ಕೇಳಿದವರು ಕಾರಟಗಿ ಕಡೆಯ ರೈತರು, ಮೂರು ತಿಂಗಳ ಹಿಂದೆ ಸೆಕೆಂಡ್‌ಹ್ಯಾಂಡ್ ಕಾರು ತಗೊಂಡವರು. ಅವರದೇನೂ ತಪ್ಪಿಲ್ಲ. ಮಾರಿದವನು ಅಲಾಯ್ ಗಾಲಿ ಹಾಕಿಸಿ, ಕಳ್ಳರ ಭಯಕ್ಕೆ ಗಾಲಿಗೊಂದರಂತೆ, ತನ್ನದೇ ಕೀ ಇಲ್ಲದೆ ಬಿಚ್ಚಲು ಬಾರದ ನಾಲ್ಕು ಲಾಕ್ ನಟ್ ಬಿಗಿಸಿದ್ದ. ಆರ್‌ಸಿ, ವಿಮೆ ಎಲ್ಲ ಎಣಿಸಿ ಕೊಟ್ಟವನು ಇದೊಂದು ಮಾತು ಹೇಳಲಿಲ್ಲ. ಆ ನಟ್ಟಿನ ಕೀ, ಅಂದರೆ ಹೆಬ್ಬೆರಳು ಗಾತ್ರದ ಕಬ್ಬಿಣದ ತುಂಡು, ಅಷ್ಟು ದಿನ ಸ್ಟೆಪ್ನಿ ಪಕ್ಕದ ಟೂಲ್ ಚೀಲದಲ್ಲಿ ಇದ್ದದ್ದೂ ಇವರಿಗೆ ಗೊತ್ತಿರಲಿಲ್ಲ.

ತೊಂದರೆ ಏನೆಂದರೆ, 80 ದಾಟಿದರೆ ಸ್ಟಿಯರಿಂಗ್ ನಡುಗುತ್ತಿತ್ತು. ಸ್ಟಿಯರಿಂಗ್ ನಡುಗಿದರೆ ಮೊದಲು ಮುಂದಿನ ಗಾಲಿ ನೋಡಬೇಕು, ಸೀಟು ನಡುಗಿದರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಸಂಶಯ ಡಿಸ್ಕ್ ಮೇಲೆ. ಹೋದ ವಾರ ಸಿಂಧನೂರಿನಲ್ಲಿ ಟೈರು ಹಿಂದೆಮುಂದೆ ಬದಲಿಸಿದ್ದರು. ನಡುಕ ಬಂತೆಂದು ಅಲ್ಲೇ ಮತ್ತೆ ಹೋದಾಗ ಎರಡು ಸಲ ಬ್ಯಾಲೆನ್ಸಿಂಗ್ (ಗಾಲಿಯ ತೂಕ ಸುತ್ತಲೂ ಸಮ ಮಾಡುವುದು) ಮಾಡಿ ಮೆಷಿನ್‌ನಲ್ಲಿ ಸೊನ್ನೆ ತೋರಿಸಿ ಕಳಿಸಿದ್ದರು. ನಡುಕ ಹಾಗೇ ಇತ್ತು.

“ಗಾಲಿ ಬದಲಿ ಮಾಡಿದ ಮ್ಯಾಲೇ ಶುರುವಾಗೈತ್ರಿ” ಅಂತ ಹಿಂದಿನ ಸೀಟಿನಿಂದ ಅವರ ಮನೆಯವರು ಎರಡು ಸಲ ಹೇಳಿದರು. ಅಲ್ಲಿದ್ದ ಗಂಡಸರ್‍ಯಾರೂ ಕಿವಿಗೊಡಲಿಲ್ಲ. ಇಡೀ ದಿನದಲ್ಲಿ ಬಂದ ಸರಿಯಾದ ಮಾತು ಅದೊಂದೇ. ಗಾಲಿ ಬಿಚ್ಚುವವರೆಗೂ ಇಲ್ಲದ ನಡುಕ ಬಿಚ್ಚಿ ಹಾಕಿದ ಮೇಲೆ ಬಂದರೆ, ತಪ್ಪು ಹಾಕಿದ್ದರಲ್ಲೇ ಇರುವ ಸಾಧ್ಯತೆ ಹೆಚ್ಚು.

ಆದರೆ ನೋಡಬೇಕೆಂದರೆ ಗಾಲಿ ಬಿಚ್ಚಬೇಕು, ಬಿಚ್ಚಲು ಕೀ ಬೇಕು. ಪಕ್ಕದಲ್ಲಿದ್ದವರೊಬ್ಬರು “ಬಡದು ತಗೀರಿ” ಅಂದರು. ನಟ್ಟಿಗಿಂತ ತುಸು ಸಣ್ಣ ಹನ್ನೆರಡು ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸುವ ಕ್ರಮವದು. ನಟ್ಟಿನ ತಲೆ ಒಂದೇ ತುಂಡಾಗಿದ್ದರೆ ಬರುತ್ತದೆ. ಹೊರಗೆ ತಿರುಗುವ ಬಳೆ ಇರುವ ಲಾಕ್ ಆದರೆ ಸಾಕೆಟ್ ಬಳೆಯ ಜೊತೆ ಸುಮ್ಮನೆ ಸುತ್ತುತ್ತದೆ. ಅಲಾಯ್ ಕೆತ್ತಿಹೋಗುತ್ತದೆ, ಪೆಟ್ಟು ಬೇರಿಂಗಿಗೂ ತಾಗುತ್ತದೆ. ಅದು ಕೊನೆಯ ದಾರಿ. ಲಾಕ್ ಸೆಟ್ಟಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಕೋಡ್ ಬರೆದ ಚೀಟಿ ಇರುತ್ತದೆ, ಅದರ ಮೇಲೆ ಹೊಸ ಕೀ ತರಿಸಬಹುದು. ಚೀಟಿಯ ಫೋಟೋ ಫೋನಿನಲ್ಲಿ ಇರಲೇಬೇಕು.

ಇವರ ಬಳಿ ಚೀಟಿ ಇರಲಿಲ್ಲ. ಹುಡುಗನೇ ಕೇಳಿದ: “ಕಡೀ ಸಲ ಬಿಚ್ಚಿದ್ದು ಯಾರು?” ಸಿಂಧನೂರಿಗೆ ಫೋನ್ ಹೋಯಿತು. “ಗನ್ನಿನ ಸಾಕೆಟ್‌ನಾಗ ನೋಡ್ರಿ” ಅಂದ ಹುಡುಗ. ನಟ್ ಬಿಚ್ಚುವ ಆ ಗನ್ನಿನ ಮೂತಿಯಲ್ಲೇ ಕೀ ಸಿಕ್ಕಿಕೊಂಡಿತ್ತು! ಲಾಕ್ ಕೀ ಕಳೆಯುವ ದೊಡ್ಡ ಜಾಗವೇ ಅದು. ಅಸಲಿಗೆ ಲಾಕ್ ಕೀಗೆ ಗನ್ ಹಾಕಲೇಬಾರದು. ಏಟಿಗೆ ಕೀಯ ಹಲ್ಲು ಸವೆಯುತ್ತದೆ, ಇಲ್ಲವೇ ಮುರಿಯುತ್ತದೆ. ಕೈಪಾನಾದಿಂದಲೇ ಬಿಚ್ಚಬೇಕು, ಕೈಯಿಂದಲೇ ಬಿಗಿಯಬೇಕು.

ಒಂದೂವರೆ ತಾಸಿಗೆ ಬಸ್ಸಿನಲ್ಲಿ ಕೀ ಬಂತು. ಅದರ ಜೊತೆ ಪೊಟ್ಟಣದಲ್ಲಿ ಒಂದು ಪ್ಲಾಸ್ಟಿಕ್ ಬಳೆಯೂ ಇತ್ತು, “ಇದೂ ನಿಮ್ಮದೇ ಇರಬೇಕು” ಅಂತ. ಅದನ್ನು ನೋಡಿದ ಕೂಡಲೇ ನಡುಕದ ಗುಟ್ಟು ಗೊತ್ತಾಯಿತು. ಕಂಪನಿಯದಲ್ಲದ, ಹೊರಗೆ ಕೊಂಡ ಅಲಾಯ್‌ಗಳ ನಡುವಿನ ತೂತು ಎಲ್ಲ ಗಾಡಿಗೂ ಆಗಲೆಂದು ದೊಡ್ಡದಿರುತ್ತದೆ. ಇದರದು 73.1 ಮಿಲಿಮೀಟರ್, ಗಾಲಿ ಕೂರುವ ಗಾಡಿಯ ಹಬ್ 54.1. ನಡುವಿನ ಸಂದು ತುಂಬುವುದೇ ಈ ಹಬ್ ರಿಂಗ್. ಬಲಗಡೆಯ ಮುಂದಿನ ಗಾಲಿಗೆ ಅದೇ ಇರಲಿಲ್ಲ. ರಿಂಗ್ ಇಲ್ಲದಾಗ ಗಾಲಿಯನ್ನು ನಡುವಿಗೆ ತರುವುದು ನಟ್ಟಿನ ಶಂಕುವಿನಾಕಾರದ ಮೂತಿಯೊಂದೇ. ಗನ್ ಹಿಡಿದು ಮೊದಲ ನಟ್ಟನ್ನೇ ಪೂರ್ತಿ ಬಿಗಿದರೆ ಗಾಲಿ ಒಂದು ಕಡೆ ಸರಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ಟೈರ್ ಸೇರಿ 16 ಕೆಜಿಯ ಗಾಲಿ ಅರ್ಧ ಮಿಲಿಮೀಟರ್ ಸರಿದರೂ ರಿಮ್ಮಿನ ಅಂಚಿಗೆ 40 ಗ್ರಾಂ ತೂಕ ಅಂಟಿಸಿದಂತೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಗಾಲಿ ಸೆಕೆಂಡಿಗೆ ಸುಮಾರು 15 ಸುತ್ತು ಹಾಕುತ್ತದೆ, ಸುತ್ತಿಗೊಮ್ಮೆ 7 ಕೆಜಿ ಭಾರದ ಎಳೆತ. ಬ್ಯಾಲೆನ್ಸಿಂಗ್ ಮೆಷಿನ್‌ನಲ್ಲಿ ಗಾಲಿಯ ನಡುತೂತಿಗೆ ಸೇರುವ ಕೋನ್ ಅದನ್ನು ನಡುವಿಗೆ ತಂದು ಹಿಡಿಯುತ್ತದೆ, ಅದಕ್ಕೇ ಅಲ್ಲಿ ಸೊನ್ನೆ. ಸಿಂಧನೂರಿನವರು ಸುಳ್ಳು ಹೇಳಿರಲಿಲ್ಲ, ಮೆಷಿನ್ ಬಿಟ್ಟು ಹಬ್ ನೋಡಲಿಲ್ಲ, ಅಷ್ಟೇ.

ನಡುಕಕ್ಕೆ ಲಾಕ್ ನಟ್ಟಿನ ತೂಕವನ್ನೇ ದೂರುವವರಿದ್ದಾರೆ. ಅದು ಉಳಿದ ನಟ್ಟಿಗಿಂತ 20 ಗ್ರಾಂ ಹೆಚ್ಚಿದ್ದರೂ ನಡುವಿನಿಂದ 50 ಮಿಲಿಮೀಟರ್ ದೂರದಲ್ಲಿರುವುದರಿಂದ ಅಂಚಿನ ಲೆಕ್ಕಕ್ಕೆ 5 ಗ್ರಾಂ ಮಾತ್ರ. ನಮ್ಮ ಕಡೆ ಅದಕ್ಕಿಂತ ಹತ್ತು ಪಟ್ಟು ಎರೆಮಣ್ಣು ರಿಮ್ಮಿನ ಒಳಗೆ ಒಣಗಿ ಕೂತಿರುತ್ತದೆ. ಗದ್ದೆ ದಾರಿಯಲ್ಲಿ ಓಡಾಡುವ ಗಾಡಿ ನಡುಗಿದರೆ ದುಡ್ಡು ಕೊಡುವ ಮೊದಲು ರಿಮ್ಮಿನ ಹಿಂಭಾಗ ತೊಳೆಸಿ ನೋಡಬೇಕು.

ಹುಡುಗ ಹಬ್ಬಿನ ತುಕ್ಕನ್ನು ತಂತಿಬ್ರಷ್‌ನಿಂದ ಉಜ್ಜಿದ, ರಿಂಗ್ ಕೂರಿಸಿದ. ನಾಲ್ಕೂ ನಟ್ಟನ್ನು ಬೆರಳಿನಿಂದಲೇ ಕೊನೆಯವರೆಗೆ ತಿರುವಿ, ಎದುರುಬದುರಾಗಿ ಅರೆಬಿಗಿ ಮಾಡಿ, ಜಾಕ್ ಇಳಿಸಿದ ಮೇಲೆ ಬಿಗಿ ಎಷ್ಟೆಂದು ತೋರಿಸುವ ಟಾರ್ಕ್ ಪಾನಾದಿಂದ 110 ನ್ಯೂಟನ್ ಮೀಟರಿಗೆ ಮುಗಿಸಿದ. ಆ ಗಾಡಿಯ ಪುಸ್ತಕದಲ್ಲಿ ಇದ್ದ ಲೆಕ್ಕವದು, ಪ್ರತಿ ಗಾಡಿಗೂ ಬೇರೆ. ಪಾನಾ ಮೇಲೆ ನಿಂತು ಬಿಗಿಯುವವರು 60 ಕೆಜಿ ಇದ್ದರೆ, ಒಂದಡಿ ಪಾನಾಕ್ಕೆ 175ರ ಮೇಲೆ ಬೀಳುತ್ತದೆ. ನಟ್ ಕೂರುವ ಸ್ಟಡ್ ಹಿಗ್ಗಿ ಮುಂದೊಂದು ದಿನ ಮುರಿಯುತ್ತದೆ. ಥ್ರೆಡ್ಡಿಗೆ ಎಣ್ಣೆ ಹಚ್ಚಿದರೂ ಅದೇ ಗತಿ.

“ನೂರು ಕಿಲೋಮೀಟರ್ ಒಳಗ ಒಮ್ಮೆ ಬರ್‍ರಿ, ಮತ್ತ ಬಿಗಿ ನೋಡ್ತೀನಿ” ಅಂದ ಹುಡುಗ, ಲಾಕ್ ಕೀಯನ್ನು ಅವರ ಕೈಗಿಟ್ಟ. ಅವರು ಅದನ್ನು ಹೊರಳಿಸಿ ಹೊರಳಿಸಿ ನೋಡಿ ಮನೆಯವರಿಗೆ ಕೊಟ್ಟರು. ಆಯಮ್ಮ ಅದನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ, ಆರ್‌ಸಿ ಇದ್ದ ಖಾನೆಯಲ್ಲಿಟ್ಟರು.