ಪೋಲೋ ಕಾರಿನ ಮುಂದಿನ ಎಡ ಚಕ್ರ: ತಲೆ ಸವೆದ ಬೋಲ್ಟ್ ತೆಗೆದ ಕೆಲಸದ ದಾಖಲೆ

ನಮ್ಮ ರಸ್ತೆಗಳಲ್ಲಿ ಓಡುವ ಹೆಚ್ಚಿನ ಕಾರುಗಳಲ್ಲಿ ಹಬ್‌ಗೆ, ಅಂದರೆ ಚಕ್ರ ಕೂರುವ ತಿರುಗುವ ನಡುಭಾಗಕ್ಕೆ, ಕೂರಿಸಿದ ಸ್ಟಡ್‌ಗಳು (ಹೊರಚಾಚಿದ ತಿರುಪಿನ ಕಡ್ಡಿಗಳು) ಇರುತ್ತವೆ, ಅವುಗಳ ಮೇಲೆ ನಟ್ ಬಿಗಿಯುತ್ತಾರೆ. ಫೋಕ್ಸ್‌ವ್ಯಾಗನ್ ಪೋಲೋದಲ್ಲಿ ಸ್ಟಡ್ ಇಲ್ಲ. ಐದು ಬೋಲ್ಟ್‌ಗಳು ಚಕ್ರವನ್ನು ಹಾದು ನೇರವಾಗಿ ಹಬ್‌ಗೆ ಇಳಿಯುತ್ತವೆ. ಬೋಲ್ಟ್‌ನ ದಪ್ಪ 14 ಮಿ.ಮೀ., ಥ್ರೆಡ್‌ನ (ತಿರುಪಿನ ಸುತ್ತುಗಳ) ಅಂತರ 1.5 ಮಿ.ಮೀ., ತಲೆಗೆ 17 ಮಿ.ಮೀ. ಸಾಕೆಟ್. ಬಿಗಿಯಬೇಕಾದ ಪ್ರಮಾಣ 120 ನ್ಯೂಟನ್ ಮೀಟರ್, ಅಂದರೆ 40 ಸೆಂ.ಮೀ. ಉದ್ದದ ಹಿಡಿಯ ತುದಿಗೆ ಸುಮಾರು 30 ಕಿಲೋ ತೂಕ ಹಾಕಿದಷ್ಟು. ಪಂಕ್ಚರ್ ಅಂಗಡಿಯೊಂದರಲ್ಲಿ ಗಾಳಿ ಗನ್ನಿನಿಂದ ಇದಕ್ಕಿಂತ ಎಷ್ಟೋ ಹೆಚ್ಚು ಬಿಗಿದಿದ್ದರು. ಅದರ ಮೇಲೆ ಕರಾವಳಿಯ ಉಪ್ಪುಗಾಳಿಯೂ ಮಳೆಯೂ ಸೇರಿದ್ದವು. ಬ್ರೇಕ್ ಪ್ಯಾಡ್ ಬದಲಿಸಲು ಹೊರಟಾಗ ನಾಲ್ಕು ಬೋಲ್ಟ್‌ಗಳು ಸಡಿಲವಾದವು. ಐದನೆಯದರ ತಲೆಯ ಮೂಲೆಗಳು ಗನ್ನಿನ ಸವೆದ ಸಾಕೆಟ್‌ಗೆ ಸಿಕ್ಕಿ ಮೊದಲೇ ಉರುಟಾಗಿದ್ದುದರಿಂದ ನನ್ನ ಸಾಕೆಟ್ ಅದರ ಮೇಲೆ ಹಿಡಿತವಿಲ್ಲದೆ ಸುಮ್ಮನೆ ತಿರುಗಿತು.

ಶನಿವಾರ

ಸಡಿಲಿಸಿದ ನಾಲ್ಕನ್ನೂ ಮೊದಲು ಮತ್ತೆ ಬಿಗಿದೆ. ಅವು ಸಡಿಲವಾಗಿದ್ದರೆ ಚಕ್ರದ ಭಾರವೆಲ್ಲ ಕೆಟ್ಟ ಬೋಲ್ಟ್ ಒಂದರ ಮೇಲೆಯೇ ಬಿದ್ದು ಅದು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಜಾಕ್ ಹಾಕದೆ, ಚಕ್ರವನ್ನು ನೆಲದ ಮೇಲೆಯೇ ಬಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ.

ತುಕ್ಕು ಬಿಡಿಸುವ ಎಣ್ಣೆಯನ್ನು ಹೊರಗಿನಿಂದ ಎಷ್ಟು ಸಿಂಪಡಿಸಿದರೂ ಅದು ಥ್ರೆಡ್ ತಲುಪುವುದು ಕಷ್ಟ, ಏಕೆಂದರೆ ತಲೆಯ ಕೆಳಗಿನ ದುಂಡನೆಯ ಭಾಗ ಚಕ್ರದ ಕುಳಿಯಲ್ಲಿ ಮುಚ್ಚಳದಂತೆ ಕೂತು ದಾರಿಯನ್ನು ಅಡ್ಡಗಟ್ಟಿರುತ್ತದೆ. ಹಬ್‌ನ ತೂತು ಆರಪಾರ ಇರುವುದರಿಂದ ಹಿಂಬದಿಯಿಂದ ಒಂದು ದಾರಿ ಇದೆ. ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಟಾರ್ಚ್ ಬಿಟ್ಟರೆ, ಡಿಸ್ಕ್‌ನ ಹಿಂದಿನ ತಗಡಿನ ಸಂದಿಯಲ್ಲಿ ಬೋಲ್ಟ್‌ನ ತುದಿ ಕಂದು ಬಣ್ಣದ ಹಕ್ಕಳೆ ಕಟ್ಟಿಕೊಂಡಿರುವುದು ಕಾಣುತ್ತದೆ. ಸ್ಪ್ರೇ ಡಬ್ಬಿಯ ಕೆಂಪು ಕೊಳವೆಯನ್ನು ಅಲ್ಲಿಗೆ ತೂರಿಸಿ, ಡಿಸ್ಕ್‌ನ ಉಜ್ಜುವ ಭಾಗಕ್ಕೆ ತಾಗದಂತೆ ಬಟ್ಟೆ ಅಡ್ಡ ಹಿಡಿದು, ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೆಯೇ ಇಟ್ಟೆ.

ಭಾನುವಾರ

ಆರು ಮೂಲೆಯ 16ರ ಸಾಕೆಟ್ಟನ್ನು ಸುತ್ತಿಗೆಯಿಂದ ಹೊಡೆದು ತಲೆಯ ಮೇಲೆ ಕೂರಿಸಿ, ಉದ್ದನೆಯ ಹಿಡಿಯಿಂದ ಒತ್ತಿದಾಗ ಬೋಲ್ಟ್ ಮಿಸುಕಲಿಲ್ಲ, ಸಾಕೆಟ್ಟೇ ತಲೆಯನ್ನು ಕೆರೆದುಕೊಂಡು ಜಾರಿತು. ಒಳಗೆ ಎಡಸುತ್ತಿನ ಗೆರೆಗಳಿರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ ಇದಕ್ಕಿಂತ ಚೆನ್ನಾಗಿ ಕಚ್ಚಿತು, ಆದರೆ ಅದೂ ಕೊನೆಗೆ ಉಕ್ಕಿನ ಚೂರುಗಳನ್ನು ಸುಲಿದು ತಲೆಯನ್ನು ಮೊಂಡಾದ ಶಂಕುವನ್ನಾಗಿ ಮಾಡಿತು.

ಪಕ್ಕದ ರಸ್ತೆಯ ವೆಲ್ಡರ್ ಬಂದು ನೋಡಿ, “ಒಂದು ನಟ್ ವೆಲ್ಡ್ ಮಾಡಿ ಕೊಡುತ್ತೇನೆ ಸಾರ್, ಬಿಸಿಗೇ ಬಿಟ್ಟುಕೊಳ್ಳುತ್ತದೆ” ಎಂದರು. ಉಕ್ಕಿನ ಚಕ್ರವಾಗಿದ್ದರೆ ನಾನೂ ಅದನ್ನೇ ಆರಿಸಿಕೊಳ್ಳುತ್ತಿದ್ದೆ. ಆದರೆ ಇದು ಅಲಾಯ್ ಚಕ್ರ, ಬೋಲ್ಟ್ ಕೂತಿರುವುದು ಆಳದ ಕುಳಿಯಲ್ಲಿ. ಕಿಡಿ ಹಾರಿದರೆ ಬಣ್ಣ ಹೋಗುತ್ತದೆ, ಕಾವು ಹೆಚ್ಚಾದರೆ ಅಲ್ಯೂಮಿನಿಯಂ ಮೆದುವಾಗುತ್ತದೆ, ಹಿಂದೆಯೇ ಇರುವ ಬೇರಿಂಗ್‌ನ ಸೀಲ್ ಮತ್ತು ಎಬಿಎಸ್ ಸೆನ್ಸರ್‌ಗೂ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡುವ ವ್ಯವಸ್ಥೆಯದು) ಅಪಾಯವಿದೆ. ಗ್ಯಾಸ್ ಟಾರ್ಚ್ ಬೇಡವೆಂದು ನಿರ್ಧರಿಸಿದ್ದೂ ಇದೇ ಕಾರಣಕ್ಕೆ.

ಇಲ್ಲಿ ಒಂದು ಲೆಕ್ಕ ನೆರವಾಯಿತು. ಬೋಲ್ಟ್ ಬಿಗಿಯಲು ಹಾಕುವ ಶ್ರಮದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಲೆಯ ಕೆಳಗಿನ ಘರ್ಷಣೆಗೇ ಹೋಗುತ್ತದೆ. ಉಳಿದುದರಲ್ಲಿ ದೊಡ್ಡ ಪಾಲು ಥ್ರೆಡ್‌ನ ಘರ್ಷಣೆಗೆ, ಚಕ್ರವನ್ನು ಹಿಡಿಯುವ ಎಳೆತಕ್ಕೆ ಸಿಗುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಥ್ರೆಡ್‌ನ ಘರ್ಷಣೆ ಕೂಡ ಬಹುಪಾಲು ಆ ಎಳೆತದಿಂದಲೇ ಹುಟ್ಟುವಂಥದ್ದು. ಆದ್ದರಿಂದ ತಲೆಯನ್ನೇ ತೆಗೆದುಬಿಟ್ಟರೆ ಎರಡೂ ಹಿಡಿತಗಳು ಒಟ್ಟಿಗೆ ಕಳಚಬೇಕು. ತಲೆ ತಿರುಗಿಸುವ ಹಟವನ್ನು ಬಿಟ್ಟು ಡ್ರಿಲ್ ಕೈಗೆತ್ತಿಕೊಂಡೆ.

ಮುಂದಿನ ಶನಿವಾರ

ಚಕ್ರದ ಬೋಲ್ಟ್‌ಗಳು ಸಾಮಾನ್ಯವಾಗಿ 10.9 ದರ್ಜೆಯ ಗಟ್ಟಿ ಉಕ್ಕಿನವು. ಮರಕ್ಕೂ ತಗಡಿಗೂ ಬಳಸುವ ಅಗ್ಗದ ಬಿಟ್ ಇಲ್ಲಿ ಮೊನೆ ಕಳೆದುಕೊಳ್ಳುತ್ತದೆ. ಕೋಬಾಲ್ಟ್ ಬೆರೆತ ಬಿಟ್‌ಗಳನ್ನೇ ತಂದೆ. ಪಂಚ್‌ನಿಂದ ನಟ್ಟನಡುವೆ ಗುರುತು ಹೊಡೆಯುವುದಕ್ಕೆ ಬೇಕಾದಷ್ಟು ಹೊತ್ತು ತೆಗೆದುಕೊಂಡೆ, ಏಕೆಂದರೆ ನಡು ತಪ್ಪಿದರೆ ಬಿಟ್ ಕೊನೆಯಲ್ಲಿ ಚಕ್ರವನ್ನೇ ಕೊರೆಯುತ್ತದೆ. ಮೊದಲು 4 ಮಿ.ಮೀ., ಬಳಿಕ 8, ಆಮೇಲೆ 13. ಮನೆಬಳಕೆಯ ಡ್ರಿಲ್‌ನ ಚಕ್ 13ಕ್ಕಿಂತ ದಪ್ಪದ್ದನ್ನು ಹಿಡಿಯುವುದಿಲ್ಲ. ಬೋಲ್ಟ್ 14 ಮಿ.ಮೀ. ಆದ್ದರಿಂದ ಸುತ್ತ ಅರ್ಧ ಮಿ.ಮೀ. ಗೋಡೆ ಉಳಿಯುತ್ತದೆ, ಅಷ್ಟನ್ನು ಮುರಿಯಬಹುದು.

ವೇಗ ಕಡಿಮೆ, ಒತ್ತಡ ಹೆಚ್ಚು, ನಡುನಡುವೆ ಎಂಜಿನ್ ಆಯಿಲ್‌ನ ಹನಿ. ಬೆಳ್ಳಿ ಬಣ್ಣದ ಉದ್ದನೆಯ ಸುರುಳಿ ಹೊರಬರುತ್ತಿರುವವರೆಗೆ ಕೆಲಸ ಸರಿಯಾಗಿ ಸಾಗುತ್ತಿದೆ ಎಂದರ್ಥ. ಸುರುಳಿ ನೀಲಿಗೆ ತಿರುಗಿದರೆ ಅಥವಾ ಬಿಟ್ ಕಿರುಚಿದರೆ ನಿಲ್ಲಿಸಿ ಆರಲು ಬಿಡಬೇಕು. ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ತಲೆಯ ಎತ್ತರದಷ್ಟು ದೂರದಲ್ಲಿ ಬಿಟ್‌ಗೆ ಟೇಪ್ ಸುತ್ತಿದ್ದೆ. ಟೇಪ್ ತಲೆಯನ್ನು ಮುಟ್ಟಿದ ಮೇಲೆ ಎಕ್ಸ್‌ಟ್ರಾಕ್ಟರನ್ನು ಮತ್ತೆ ಕೂರಿಸಿ ತಿರುಗಿಸಿದೆ. ಟಕ್ ಎಂದು ತಲೆ ಉಂಗುರದಂತೆ ಕಳಚಿ ಸಾಕೆಟ್‌ನೊಳಗೆ ಉಳಿಯಿತು.

ಬಳಿಕ ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಉಳಿದ ನಾಲ್ಕನ್ನೂ ಬಿಚ್ಚಿದೆ. ಆದರೂ ಚಕ್ರ ಬರಲಿಲ್ಲ: ಹಬ್‌ನ 57.1 ಮಿ.ಮೀ. ಬಳೆಗೆ ಅಲ್ಯೂಮಿನಿಯಂ ಬಿಳಿ ಪುಡಿಗಟ್ಟಿ ಅಂಟಿತ್ತು. ರಬ್ಬರ್ ಸುತ್ತಿಗೆಯಿಂದ ಟೈರಿನ ಹಿಂಬದಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಡೆದ ಮೇಲೆ ಬಿಟ್ಟುಕೊಟ್ಟಿತು. ಹಬ್‌ನಿಂದ ಹೊರಚಾಚಿದ್ದ ಬೋಲ್ಟ್‌ನ ತುಂಡನ್ನು ವೈಸ್ ಗ್ರಿಪ್‌ನಿಂದ (ಕಚ್ಚಿ ಹಿಡಿಯುವ ಇಕ್ಕಳ) ಹಿಡಿದು ತಿರುಗಿಸಿದಾಗ ಆರಂಭದಲ್ಲಿ ಸ್ವಲ್ಪ ಕಿರುಗುಟ್ಟಿತು, ಆಮೇಲೆ ಬೆರಳಲ್ಲೇ ಬಂತು. ಥ್ರೆಡ್‌ನಲ್ಲಿ ಹಿಂದಿನಿಂದ ಇಳಿದ ಎಣ್ಣೆಯ ಪಸೆ ಇತ್ತು. ತಲೆಯ ಕೆಳಗಿನ ದುಂಡು ಭಾಗವಂತೂ ಒಣಗಿ, ಅಲ್ಯೂಮಿನಿಯಂನ ತೆಳು ಪದರವನ್ನೇ ಮೆತ್ತಿಕೊಂಡಿತ್ತು.

ಭಾನುವಾರ

ಹಬ್‌ನ ಥ್ರೆಡ್‌ಗೆ 14×1.5ರ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಯಿಸಿ, ಬಳೆಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಬಳೆಗೆ ಮಾತ್ರ ತಾಮ್ರದ ಗ್ರೀಸ್ ತೆಳುವಾಗಿ ಸವರಿದೆ. ಥ್ರೆಡ್‌ಗೂ ಬೋಲ್ಟ್ ಕೂರುವ ಕುಳಿಗೂ ಗ್ರೀಸ್ ಬೇಡ, ಏಕೆಂದರೆ 120ರ ಅಂಕಿ ಒಣ ಬೋಲ್ಟ್‌ಗೆ ಹೇಳಿದ್ದು. ಜಾರುವ ಥ್ರೆಡ್‌ನಲ್ಲಿ ಅದೇ ಅಂಕಿಗೆ ಎಳೆತ ಮಿತಿಮೀರುತ್ತದೆ. ಹೊಸ ಬೋಲ್ಟ್ ಕೊಳ್ಳುವಾಗ ಹಳೆಯದೊಂದನ್ನು ಅಂಗಡಿಗೆ ಒಯ್ದದ್ದು ಉಪಯೋಗಕ್ಕೆ ಬಂತು. ಕಂಪನಿಯ ಚಕ್ರಕ್ಕೆ ದುಂಡು ಬುಡದ ಬೋಲ್ಟ್ ಬೇಕು, ಅಂಗಡಿಯವರು ಮೊದಲು ತೆಗೆದುಕೊಟ್ಟದ್ದು ಶಂಕುವಿನಾಕಾರದ್ದು. ಅದೂ ಹಬ್‌ಗೆ ಇಳಿಯುತ್ತದೆ, ಆದರೆ ಕುಳಿಯಲ್ಲಿ ಕೇವಲ ಒಂದು ಗೆರೆಯಷ್ಟು ತಾಗಿ ಕೂರುತ್ತದೆ, ಓಡಾಟದಲ್ಲಿ ಸಡಿಲವಾಗುತ್ತದೆ.

ಐದನ್ನೂ ಕೈಯಿಂದ ಸುತ್ತಿ, ಚಕ್ರವನ್ನು ನೆಲಕ್ಕಿಳಿಸಿ, ಒಂದು ಬಿಟ್ಟು ಒಂದರಂತೆ ಟಾರ್ಕ್ ವ್ರೆಂಚ್‌ನಿಂದ (ಹೊಂದಿಸಿದ ಬಿಗಿತ ಮುಟ್ಟಿದಾಗ ಕ್ಲಿಕ್ ಎನ್ನುವ ಸ್ಪ್ಯಾನರ್) 120ಕ್ಕೆ ಬಿಗಿದೆ. ನೂರು ಕಿ.ಮೀ.ಯ ಆಸುಪಾಸು ಓಡಿದ ಮೇಲೆ ಪರೀಕ್ಷಿಸಿದಾಗ ಐದೂ ಕದಲದೆ ಕ್ಲಿಕ್ ಎಂದವು. ಗನ್ ತಾಗಿದ ಇನ್ನೊಂದು ಚಕ್ರ ಹಿಂದಿನ ಬಲಗಡೆಯದು. ಅದರ ಬೋಲ್ಟ್‌ಗಳ ತಲೆಗಳು ಇನ್ನೂ ಚೆನ್ನಾಗಿವೆ. ಮಳೆಗಾಲಕ್ಕೆ ಮೊದಲು ಅವನ್ನೂ ಕೈಹಿಡಿಯಿಂದ ಬಿಚ್ಚಿ ಬಿಗಿಯಬೇಕಿದೆ.