ಮಗಳನ್ನ ಅಷ್ಟು ದೂರ ಕಳಿಸಿ ಏನ್ ಸಿಕ್ತು, ಸೆಕ್ರೆಟ್ರಿ?

ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಹಾಲಿನ ಡೇರಿ ಸೆಕ್ರೆಟರಿ. ಬೆಳಿಗ್ಗೆ ಆರಕ್ಕೆ ಶಟರ್ ಎತ್ತಿದರೆ ಎಂಟರವರೆಗೆ, ಮತ್ತೆ ಸಂಜೆ ಐದರಿಂದ ಏಳರವರೆಗೆ, ಅರ್ಧ ಊರು ಕ್ಯಾನು ಹಿಡಿದು ನನ್ನ ಮುಂದೆ ನಿಂತಿರುತ್ತದೆ. ಸ್ಯಾಂಪಲ್ ತೆಗೆದು ಮಿಷನ್ನಿಗಿಟ್ಟು ಫ್ಯಾಟು (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಬರುವ ತನಕ ಒಂದರ್ಧ ನಿಮಿಷ ಸುಮ್ಮನೆ ನಿಲ್ಲಬೇಕು. ಆ ಅರ್ಧ ನಿಮಿಷದಲ್ಲೇ ಜನ ಕೇಳಬಾರದ್ದನ್ನೆಲ್ಲ ಕೇಳುವುದು. ಎರಡು ವರ್ಷದಿಂದ ನನಗೆ ಅತಿ ಹೆಚ್ಚು ಬಿದ್ದಿರುವ ಪ್ರಶ್ನೆ ಇದು: "ಅಲ್ಲ ಸೆಕ್ರೆಟ್ರಿ, ಒಂಬತ್ನೇ ಕ್ಲಾಸ್ ಹೆಣ್ಣೈಕ್ಳನ್ನ ಒಂದು ವರ್ಸ ಹಿಂದಿ ಸೀಮೆಗೆ ಕಳಿಸ್ಬುಟ್ರಲ್ಲ, ಏನ್ ಸಿಕ್ತು?"

ಹಾಲಿಗಾದರೆ ಫ್ಯಾಟು ಇಷ್ಟು, ರೇಟು ಇಷ್ಟು ಎಂದು ಚೀಟಿ ಹರಿದು ಕೊಡಬಹುದು. ಇದಕ್ಕೆ ಅರ್ಧ ನಿಮಿಷ ಸಾಲದು. ಹಾಗಾಗಿ ಒಂದು ಸಲ ಬರೆದಿಟ್ಟುಬಿಡೋಣ ಅನ್ನಿಸಿತು.

ಗೊತ್ತಿಲ್ಲದವರಿಗೆ ಮೊದಲು ಶಾಲೆಯ ವಿಷಯ. ಮಗಳು ಓದುತ್ತಿರುವುದು ನಮ್ಮ ಜಿಲ್ಲೆಯ ನವೋದಯದಲ್ಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ಕೇಂದ್ರ ಸರ್ಕಾರದ ವಸತಿ ಶಾಲೆಗಳು ಇವು. ಜಿಲ್ಲೆಗೊಂದರಂತೆ ಈಗ ದೇಶದಲ್ಲಿ 650ಕ್ಕೂ ಹೆಚ್ಚು ಇವೆ. ಐದನೇ ಕ್ಲಾಸಿನಲ್ಲಿರುವಾಗ ಎರಡು ಗಂಟೆಯ ಪರೀಕ್ಷೆ, 80 ಪ್ರಶ್ನೆ. ಒಂದು ಶಾಲೆಗೆ ಆರನೇ ಕ್ಲಾಸಿಗೆ ಸಿಗುವುದು ಹೆಚ್ಚೆಂದರೆ 80 ಸೀಟು. ಅದರಲ್ಲಿ ಮುಕ್ಕಾಲು ಪಾಲು ಹಳ್ಳಿ ಮಕ್ಕಳಿಗೆ, ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲಾ ಬಿಟ್ಟಿ. ಇಲ್ಲಿಯವರೆಗೆ ಹೇಳಿದರೆ ಕ್ಯೂನಲ್ಲಿರುವ ಎಲ್ಲರೂ ತಲೆದೂಗುತ್ತಾರೆ. ತಕರಾರು ಬರುವುದು ಮೈಗ್ರೇಶನ್ ಎಂಬ ಮಾತು ಎತ್ತಿದಾಗ. ನಮ್ಮಂಥ ಹಿಂದಿಯಲ್ಲದ ರಾಜ್ಯದ ನವೋದಯಕ್ಕೆ ಹಿಂದಿ ರಾಜ್ಯದ ಒಂದು ನವೋದಯ ಜೋಡಿ ಇರುತ್ತದೆ. ಒಂಬತ್ತನೇ ಕ್ಲಾಸಿಗೆ ಬಂದಾಗ ಇಲ್ಲಿಂದ ಶೇಕಡ 30ರಷ್ಟು ಮಕ್ಕಳು ಒಂದು ವರ್ಷ ಅಲ್ಲಿಗೆ, ಅಲ್ಲಿಂದ ಅಷ್ಟು ಮಕ್ಕಳು ಇಲ್ಲಿಗೆ. ಒಂದು ಥರ ಕೊಟ್ಟು ತಂದುಕೊಳ್ಳುವ ಸಂಬಂಧ.

ಮಗಳು ಹೋದದ್ದು ಯಾವ ಜಿಲ್ಲೆಗೆ ಎಂದು ಇಲ್ಲಿ ಹೇಳುವುದಿಲ್ಲ, ಆ ಕಡೆಯ ಮನೆಯವರ ಮಾತೂ ಬರುತ್ತದೆ. ರೈಲಿನಲ್ಲಿ ಎರಡು ರಾತ್ರಿಯ ದಾರಿ ಎಂದಷ್ಟೇ ತಿಳಿಯಿರಿ.

ನಾನೇನು ಧೈರ್ಯವಂತನಾಗಿ ಕಳಿಸಲಿಲ್ಲ. ಕ್ಲಾಸಿನಲ್ಲಿ ಯಾರು ಹೋಗ್ತೀರ ಎಂದಾಗ ಇವಳೇ ಕೈ ಎತ್ತಿಬಿಟ್ಟಿದ್ದಳು. ಸಹಿ ಹಾಕಿ ಬಂದ ದಿನ ಮನೆಯವಳು ನನಗೆ ಅನ್ನ ಬಡಿಸಿದಳು, ಮಾತು ಬಡಿಸಲಿಲ್ಲ. ಮೂರು ದಿನ.

ಆದರೆ ನನ್ನನ್ನು ಕೇಳಿದರೆ ಅವಳ ದೂರದ ಪ್ರಯಾಣ ಶುರುವಾಗಿದ್ದು ರೈಲು ಹತ್ತಿದಾಗ ಅಲ್ಲ, ಆರನೇ ಕ್ಲಾಸಿನಲ್ಲಿ ಡಾರ್ಮೆಟ್ರಿಗೆ ಟ್ರಂಕು ಇಟ್ಟಾಗಲೇ. ನಮ್ಮೂರು ನಿಮಗೆ ಗೊತ್ತಿರುವ ಊರಿನಂಥದ್ದೇ. ಈ ಬೀದಿ, ಆ ಕೇರಿ, ಕೆರೆ ಏರಿ ದಾಟಿದರೆ ಸಾಬರ ನಾಲ್ಕು ಮನೆ. ಡೇರಿಯಲ್ಲಿ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಹಾಲು ಸುರಿದವರು ಮಾತ್ರ ಅವರವರ ಬೀದಿಗೆ ಹೋಗುತ್ತಾರೆ. ಡಾರ್ಮೆಟ್ರಿಯಲ್ಲಿ ಅವಳ ಎಡಗಡೆ ಮಂಚ ಮಳವಳ್ಳಿ ಕಡೆಯ ಹುಡುಗಿಯದು, ಮೇಲಿನದು ನಾಗಮಂಗಲದ ಮುಸ್ಲಿಂ ಹುಡುಗಿಯದು. ಬೆಳಿಗ್ಗೆ ಐದೂವರೆಗೆ ಎದ್ದು ಒಟ್ಟಿಗೆ ಪಿ.ಟಿ., ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುವುದು, ಜ್ವರ ಬಂದರೆ ಒಬ್ಬರ ಬಟ್ಟೆ ಇನ್ನೊಬ್ಬರು ಒಗೆಯುವುದು. ನವೋದಯಗಳಲ್ಲಿ ಮಕ್ಕಳನ್ನು ನಾಲ್ಕು ಹೌಸ್ ಮಾಡಿರುತ್ತಾರೆ: ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ. ಆಟ, ಹಾಡು, ತೋಟ, ಕ್ಲೀನಿಂಗ್ ಎಲ್ಲದರಲ್ಲೂ ಆ ನಾಲ್ಕರ ನಡುವೆಯೇ ಪೈಪೋಟಿ.

ಏಳನೇ ಕ್ಲಾಸಿನ ದಸರಾ ರಜೆಯಲ್ಲಿ ಮಳವಳ್ಳಿ ಹುಡುಗಿಯನ್ನು ಮನೆಗೆ ಕರೆದುಕೊಂಡು ಬರ್ತೀನಿ ಎಂದಳು. ನಮ್ಮವ್ವ ಅವರೆಕಾಯಿ ಸುಲಿಯುತ್ತಾ, ಮುಖ ಎತ್ತದೆ ಕೇಳಿತು, "ಯಾವ ಪೈಕಿ ಮಗ ಅವ್ರು?"

"ಉದಯಗಿರಿ ಪೈಕಿ ಕಣಜ್ಜಿ. ಆದ್ರೂ ಒಳ್ಳೇಳು."

ನನ್ನ ಮಗಳು ಅರಾವಳಿ. ಖೋಖೋದಲ್ಲಿ ಇವರನ್ನು ಪ್ರತಿ ವರ್ಷ ಸೋಲಿಸುತ್ತಿದ್ದುದು ಉದಯಗಿರಿಯವರು. ತಮಾಷೆಗೆ ಹೇಳಿದ್ದಲ್ಲ, ಅಜ್ಜಿ ಕೇಳಿದ್ದು ಅದನ್ನೇ ಎಂದುಕೊಂಡಿದ್ದಳು. ಅವ್ವ ಅವರೆಕಾಯಿ ಬಿಟ್ಟು ನನ್ನ ಮುಖ ನೋಡಿತು. ನಾನು ಹಟ್ಟಿಯ ಕಡೆ ನೋಡಿದೆ. ಆ ಹುಡುಗಿ ಬಂದಳು, ಎರಡು ದಿನ ಇದ್ದಳು, ಅಡುಗೆಮನೆಯಲ್ಲೇ ಕೂತು ಉಂಡಳು. ಅವ್ವ ಏನೂ ಅನ್ನಲಿಲ್ಲ. ಅನ್ನಲಿಲ್ಲ ಎಂಬುದೇ ನಮ್ಮ ಮನೆಯಲ್ಲಿ ದೊಡ್ಡ ಸುದ್ದಿ.

ಈಗ ಒಂದು ತಪ್ಪೊಪ್ಪಿಗೆ. ತಿಂಗಳಿಗೊಂದು ಭಾನುವಾರ ಶಾಲೆಯಲ್ಲಿ ಪೋಷಕರ ಭೇಟಿ ಇರುತ್ತದೆ. ಆವತ್ತು ಆವರಣ ಅಂದರೆ ಜಾತ್ರೆ. ಒಂದೊಂದು ಮರದ ಕೆಳಗೂ ಒಂದೊಂದು ಸಂಸಾರ ಚಾಪೆ ಹಾಸಿ ಕ್ಯಾರಿಯರ್ ಬಿಚ್ಚಿರುತ್ತದೆ. ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಅಂಥ ಒಂದು ಭಾನುವಾರ ನಾವು ಹೊಂಗೆ ಮರದಡಿ ಕೂತು ಕೋಳಿಸಾರು ಮುದ್ದೆ ಉಣ್ಣುತ್ತಿದ್ದೆವು. ಹತ್ತು ಮಾರು ಆಚೆ, ನಲ್ಲಿಕಟ್ಟೆ ಹತ್ತಿರ, ಆ ವರ್ಷ ಹಿಂದಿ ಕಡೆಯಿಂದ ಬಂದಿದ್ದ ಒಂದು ಹುಡುಗಿ ಬಕೆಟ್ಟಿನಲ್ಲಿ ಯೂನಿಫಾರಂ ನೆನೆಸಿಟ್ಟುಕೊಂಡು ಕೂತಿತ್ತು. ಒಗೆಯುತ್ತಿರಲಿಲ್ಲ. ನಮ್ಮನ್ನೂ ನೋಡುತ್ತಿರಲಿಲ್ಲ, ನೊರೆಯನ್ನು ನೋಡುತ್ತಿತ್ತು. ಅವರಪ್ಪ ಅವ್ವ ಎರಡು ರಾತ್ರಿ ಆಚೆ. ಕರೆದರೆ ಬರುತ್ತಿತ್ತೇನೋ. ಹಿಂದಿಯಲ್ಲಿ ಏನಂತ ಕರೆಯೋದು ಎಂದು ನಾನು ಸುಮ್ಮನಾದೆ. 'ಬಾ ಮಗ' ಎಂದು ಕೈ ಬೀಸುವುದಕ್ಕೆ ಯಾವ ಹಿಂದಿ ಬೇಕಿತ್ತು ಎಂದು ಆಮೇಲೆ ಬಹಳ ಸಲ ಅನ್ನಿಸಿದೆ. ಆವತ್ತು ಉಳಿದ ಸಾರನ್ನು ಮನೆಗೆ ವಾಪಸು ತಂದೆವು.

ಮರುವರ್ಷ ನನ್ನ ಮಗಳೇ ಅಂಥ ಒಂದು ನಲ್ಲಿಕಟ್ಟೆಯ ಮುಂದೆ.

ಮಕ್ಕಳ ಕೈಗೆ ಅಲ್ಲಿ ಮೊಬೈಲ್ ಇಲ್ಲ. ಭಾನುವಾರ ಸಂಜೆ ಮೇಷ್ಟ್ರ ಫೋನಿನಿಂದ ಮಾತಾಡಿಸುತ್ತಿದ್ದರು, ಅದೂ ಸರಿಯಾಗಿ ಡೇರಿ ಹೊತ್ತಿಗೆ. ಒಂದು ಕೈಯಲ್ಲಿ ಸ್ಯಾಂಪಲ್ ಬಾಟಲಿ, ಹಾಗಾಗಿ ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಡುತ್ತಿದ್ದೆ. ಕ್ಯೂ ಪೂರ್ತಿ ಕೇಳಿಸಿಕೊಳ್ಳುತ್ತಿತ್ತು. ಮೊದಲ ವಾರ ಅವಳು ಹೇಳಿದ್ದು ಒಂದೇ: "ಇಲ್ಲಿ ಬೇಳೆಗೆ ಹುಳೀನೇ ಹಾಕಲ್ಲ ಕಣಪ್ಪ." ಅಷ್ಟು ಹೇಳಿ ಅತ್ತಳು. ಮುಂದಿನ ವಾರದಿಂದ ಕ್ಯೂನಲ್ಲಿದ್ದ ಹೆಂಗಸರು ನನಗಿಂತ ಮುಂಚೆ ಮಾತಾಡಲು ಶುರುಮಾಡಿದರು. ಹುಳಿ ಹಾಕ್ತಾರಾ ಮಗ ಈಗ? ಚಳಿ ಹೆಂಗದೆ? ಅವಳು ಅತ್ತಲಿಂದ, ಗೌರಿ ಕರ ಹಾಕ್ತಾ ಎಂದು ಕೇಳುತ್ತಿದ್ದಳು. ಜನವರಿಯಲ್ಲಿ ನೀರು ಮುಟ್ಟಿದರೆ ಬೆರಳೇ ಇಲ್ಲದಂಗಾಗುತ್ತದೆ ಎಂದಾಗ ಮೂಲೆಮನೆ ಅಜ್ಜಿ ಫೋನಿನ ಹತ್ತಿರ ಬಾಯಿಟ್ಟು, "ಎಳ್ಳೆಣ್ಣೆ ಹಚ್ಕೊ ಮಗ" ಎಂದು ಇಡೀ ಉತ್ತರ ಭಾರತಕ್ಕೆ ಕೇಳಿಸುವಂತೆ ಕೂಗಿತು.

ಅಲ್ಲಿ ಇವಳ ಹಿಂದಿಗೆ ಎಲ್ಲರೂ ನಗುತ್ತಿದ್ದರಂತೆ. ನಮ್ಮಲ್ಲಿ ನಾನು ಹೋಗ್ತೀನಿ ಅಂದರೆ ಮುಗಿಯಿತು. ಅಲ್ಲಿ ಹೋಗುವುದು ಗಂಡೋ ಹೆಣ್ಣೋ ಎಂದು ಕ್ರಿಯಾಪದಕ್ಕೂ ತಿಳಿದಿರಬೇಕು. ಆರು ತಿಂಗಳು ಇವಳು ಗಂಡಸಾಗಿಯೇ ಓಡಾಡಿದಳು. ಕನ್ನಡದ ಮಕ್ಕಳು ಸುಮ್ಮನಿದ್ದಾರೆಯೇ? ಆ ಶಾಲೆಯ ಮಕ್ಕಳಿಗೆ ಮೂರನೇ ಭಾಷೆ ಕನ್ನಡ, ಅದಕ್ಕೆಂದೇ ಕನ್ನಡದ ಮೇಷ್ಟ್ರೊಬ್ಬರಿದ್ದರು. 'ಹಳ್ಳಿ' ಅನ್ನಿ ನೋಡೋಣ ಎಂದು ಇವರು ಸವಾಲು ಹಾಕಿದರು. ಅಲ್ಲಿನವರಿಗೆ ಳ ಹೊರಳುವುದಿಲ್ಲ. ಹಾಗಾಗಿ ಒಂಬತ್ತನೇ ಕ್ಲಾಸಿನ ಅಷ್ಟೂ ಮಕ್ಕಳು ಎದ್ದು ನಿಂತು 'ನಮ್ಮದು ಸಣ್ಣ ಹಲ್ಲಿ' ಎಂದು ಪರಿಚಯ ಹೇಳಿಕೊಂಡರು.

ನವೆಂಬರ್ 1ಕ್ಕೆ ಕೋಲಾಟ ಆಡಿಸಬೇಕು ಎಂದು ಹೊರಟರು. ಕೋಲಿಲ್ಲ. ಮಂಚಕ್ಕೆ ಸೊಳ್ಳೆ ಪರದೆ ಕಟ್ಟುವ ಬಿದಿರು ಕಡ್ಡಿಗಳನ್ನು ಬಿಚ್ಚಿ, ಮೊಳಕ್ಕೊಂದರಂತೆ ಕತ್ತರಿಸಿಬಿಟ್ಟರು. ಹೌಸ್ ಮೇಡಂ ಬೈದರು, ಕಡ್ಡಿಯ ದುಡ್ಡು ವಸೂಲಿ ಮಾಡ್ತೀನಿ ಎಂದರು, ಕೊನೆಗೆ ಇನ್ನೂ ನಾಲ್ಕು ಮಂಚದ ಕಡ್ಡಿ ಅವರೇ ಕೊಡಿಸಿದರು. ಹದಿನಾರು ಜನ, ಕನ್ನಡದವರು ಎಂಟು, ಅವರ ಎದುರಿಗೆ ಅಲ್ಲಿನವರು ಎಂಟು. ಎರಡನೇ ಸುತ್ತಿನಲ್ಲಿ ತಾಳ ತಪ್ಪಿ ಒಬ್ಬಳ ಗೆಣ್ಣಿಗೆ ಏಟು ಬಿತ್ತು, ಆದರೂ ನಿಲ್ಲಿಸಲಿಲ್ಲವಂತೆ. ಇದಕ್ಕೆ ಸರ್ಟಿಫಿಕೇಟ್ ಕೊಟ್ಟಿಲ್ಲ. ನನ್ನ ಲೆಕ್ಕದಲ್ಲಿ ಆ ವರ್ಷದ ಸಾಧನೆ ಎಂದರೆ ಅದೇ.

ಬೇರೆ ಸಾಧನೆ ಕೇಳುವವರು ಇದ್ದೇ ಇರುತ್ತಾರೆ. ಅರ್ಧವಾರ್ಷಿಕದಲ್ಲಿ ಗಣಿತಕ್ಕೆ 80ಕ್ಕೆ 41 ಬಂತು, ಇಲ್ಲಿದ್ದಾಗ ಅದು 60ರ ಕೆಳಗೆ ಇಳಿದಿರಲಿಲ್ಲ. ವಾಪಸು ಬಂದು ಹತ್ತನೇ ಕ್ಲಾಸಿನಲ್ಲಿ ಅದನ್ನು ಕಟ್ಟಿಕೊಳ್ಳಲು ಒದ್ದಾಡಿದಳು. ಹತ್ತನೇ ಕ್ಲಾಸಿನ ಫಲಿತಾಂಶದಲ್ಲಿ ಕನ್ನಡಕ್ಕಿಂತ ಹಿಂದಿಗೆ ಎರಡು ಅಂಕ ಜಾಸ್ತಿ, ಅದಕ್ಕೆ ನನಗೆ ಇನ್ನೂ ಸಿಟ್ಟಿದೆ. ಒಂಬತ್ತನೇ ಕ್ಲಾಸಿನ ಬುನಾದಿಯನ್ನು ಒಂದು ವರ್ಷ ಅಲ್ಲಾಡಿಸುವುದು ಮಕ್ಕಳಿಗೆ ಕಷ್ಟ. ಓದಿನಲ್ಲಿ ಈಗಾಗಲೇ ಏಗುತ್ತಿರುವ ಮಗುವಾದರೆ ಎರಡು ಸಲ ಯೋಚಿಸಿ ಎಂದು ಕೇಳಿದವರಿಗೆಲ್ಲ ನಾನೇ ಹೇಳುತ್ತೇನೆ.

ಹಿಂದಿ ಹೇರಿಕೆಗೆ ಮಕ್ಕಳನ್ನೇ ಒಪ್ಪಿಸಿದ್ರಲ್ಲ ಎಂದು ನಮ್ಮ ಕನ್ನಡ ಸಂಘದ ಹುಡುಗರು ಅಡ್ಡ ಹಾಕಿದ್ದೂ ಉಂಟು. ಭಾಷೆಯ ಇದೇ ಕಾರಣಕ್ಕೆ ಪಕ್ಕದ ತಮಿಳುನಾಡಿನಲ್ಲಿ ಒಂದೂ ನವೋದಯ ಇಲ್ಲ. ಹುಡುಗರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬ್ಯಾಂಕಿನ ಚಲನ್ ಹಿಂದಿಯಲ್ಲಿ ಬಂದರೆ ನಾನೂ ಅವರ ಜೊತೆ ನಿಲ್ಲುವವನೇ. ಆದರೆ ಇಲ್ಲಿ ಅವರ ಮಕ್ಕಳೂ ಬಂದು ನಮ್ಮ ಭಾಷೆ ಕಲಿಯುತ್ತಾರೆ, ನಮ್ಮ ಮುದ್ದೆ ನುಂಗುತ್ತಾರೆ. ಹೋಗುವ ರೈಲಿನಲ್ಲಿ ಬರುವ ಸೀಟೂ ಇದ್ದರೆ ನನ್ನದು ತಕರಾರಿಲ್ಲ.

ಅಲ್ಲಿಯ ಪೋಷಕರ ಭಾನುವಾರಕ್ಕೆ ಬರುತ್ತೇನೆ. ಸೆಪ್ಟೆಂಬರಿನಲ್ಲಿ ಒಂದು ಸಂಜೆ ಫೋನಿನಲ್ಲಿ ಅವಳ ದನಿಯೇ ಬೇರೆಯಾಗಿತ್ತು. "ಅಪ್ಪ, ಇವತ್ತು ಒಬ್ಬರ ಅಮ್ಮ ನನಗೆ ತಿನ್ನಿಸಿದ್ರು." ಪಕ್ಕದ ಮಂಚದ ಹುಡುಗಿಯ ತಾಯಿ. ಬಟ್ಟೆಗಂಟಿನಲ್ಲಿ ಪೂರಿ, ಆಲೂಗಡ್ಡೆ ಪಲ್ಯ, ಮಾವಿನಕಾಯಿ ಉಪ್ಪಿನಕಾಯಿ ತಂದಿದ್ದಾರೆ. ಇವಳು ಬೇಡ ಎಂದು ಒಳಗೆ ಹೋಗಿ ಕೂತಿದ್ದಾಳೆ. ಆ ತಾಯಿ ಡಾರ್ಮೆಟ್ರಿಗೇ ಬಂದು, ಏನೂ ಕೇಳದೆ, ಪೂರಿ ಮುರಿದು ಬಾಯಿಗೇ ಇಟ್ಟಿದ್ದಾರೆ. ಆಮೇಲೆ ಇವಳ ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ತಮ್ಮ ಮಗಳಿಗೆ ಹಾಕಿದ ಹಾಗೆಯೇ ಎರಡು ಜಡೆ ಹಾಕಿ ಹೋಗಿದ್ದಾರೆ.

ಕ್ಯೂ ಸುಮ್ಮನಿತ್ತು. ಮಿಷನ್ನಿನಲ್ಲಿ ಯಾರದೋ ಹಾಲು 3.9 ತೋರಿಸುತ್ತಿತ್ತು, ಬರೆದುಕೊಳ್ಳಲು ಮರೆತೆ. ಆ ಹಾಲು ಯಾರದೆಂದು ಇವತ್ತಿಗೂ ಗೊತ್ತಿಲ್ಲ. ತಿಂಗಳ ಬಟವಾಡೆಯಲ್ಲಿ ಕೈಯಿಂದ ಹಾಕಿ ಸರಿಮಾಡಿದೆ.

ಮುಂದಿನ ಭೇಟಿಯ ಭಾನುವಾರ ಮನೆಯವಳು ಕೋಳಿ ಕೂಗುವ ಮುಂಚೆ ಎದ್ದು ಬಸ್ಸಾರು ಮಾಡಿ, ಹತ್ತು ಮುದ್ದೆ ಕಟ್ಟಿದಳು. ಇಲ್ಲಿನ ಶಾಲೆಯಲ್ಲಿ ಈಗ ನಮ್ಮ ಮಗು ಇಲ್ಲದ್ದರಿಂದ, ಅಲ್ಲೇ ಓದುತ್ತಿದ್ದ ಮನೆಯವಳ ಅಣ್ಣನ ಮಗನ ಹೆಸರು ಹೇಳಿ ಗೇಟು ದಾಟಿದೆವು. ಅದೇ ಹೊಂಗೆ ಮರ. ಈ ಸಲ ಕೈ ಬೀಸಿದೆ. ಹಿಂದಿ ಮಕ್ಕಳು ನಾಲ್ವರು ಬಂದರು, ಆಮೇಲೆ ಏಳಾದರು. ಅದರಲ್ಲೊಬ್ಬಳು ಚೋಟುದ್ದದ ಹುಡುಗಿ. ನನ್ನಾಕೆ ಪಾಪ, ಅವರಿಗೆ ರೂಢಿಯಿಲ್ಲ ಎಂದು ಮುದ್ದೆಯನ್ನು ಸಣ್ಣ ಸಣ್ಣ ಚೂರು ಮಾಡಿ ಕೊಡಲು ಹೋದಳು. ಹುಡುಗಿ ತಡೆದು, ತಾನೇ ಒಂದು ತುತ್ತು ಉರುಟು ಮಾಡಿ, ಸಾರಿನಲ್ಲಿ ಅದ್ದಿ, "ಅಗಿಬಾರದು ಆಂಟಿ, ನುಂಗಬೇಕು" ಎಂದು ಮಂಡ್ಯದವಳಿಗೇ ಪಾಠ ಹೇಳಿತು. ಆಮೇಲೆ ನನ್ನ ಕಡೆ ತಿರುಗಿ, "ಅಂಕಲ್, ನಿಮ್ಮ ಹಲ್ಲಿ ಯಾವುದು?" ಎಂದಿತು. ನಮ್ಮ ಹಲ್ಲಿಯ ಹೆಸರು ಹೇಳಿದೆ.

ಮಗಳೀಗ ಅದೇ ಶಾಲೆಯಲ್ಲಿ ಹನ್ನೊಂದನೇ ಕ್ಲಾಸು. ಪೂರಿ ತಿನ್ನಿಸಿದ ಆ ತಾಯಿ ಈಗಲೂ ಫೋನ್ ಮಾಡುತ್ತಾರೆ. ಅವರಿಗೆ ಕನ್ನಡ ಬಾರದು, ನನ್ನಾಕೆಗೆ ಹಿಂದಿ ಬಾರದು. ಊಟ ಆಯ್ತಾ ಎಂದು ಇವಳು, ಖಾನಾ ಖಾಯಾ ಎಂದು ಅವರು, ಅಷ್ಟರಲ್ಲೇ ಹತ್ತು ನಿಮಿಷ ಹೋಗುತ್ತದೆ. ಒಂದು ಸಲ ವಿಡಿಯೋದಲ್ಲಿ ತಮ್ಮ ಎಮ್ಮೆಗಳನ್ನು ತೋರಿಸಿದರು. ಮಗಳ ಬಾಯಲ್ಲಿ ಫ್ಯಾಟು ಎಷ್ಟು ಎಂದು ಕೇಳಿಸಿದೆ. ಏಳು ಎಂದರು. ಮಾರನೇ ಬೆಳಿಗ್ಗೆ ಡೇರಿಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ.

"ಏಳಾ? ನೀರೇ ಹಾಕಾಕಿಲ್ವ ಅವ್ರು?" ಎಂದಿತು ಮೂಲೆಮನೆ ಅಜ್ಜಿ, ತನ್ನ ಕ್ಯಾನನ್ನು ನನ್ನ ಕಣ್ಣಿಂದ ಸ್ವಲ್ಪ ಆಚೆ ಸರಿಸುತ್ತಾ.