ನೀಲಿ ಬಣ್ಣ, ಕೆಂಪು ಬೆಳಕು, ಗಟಾರದ ನೀರು

ಧಾರವಾಡದ ಒಂದು ಡಿಗ್ರಿ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಕಲಿಸುತ್ತೇನೆ. ವೈರಸ್ ಪಾಠ ಬಂದಾಗಲೆಲ್ಲ ಒಂದೇ ತೊಂದರೆ. ಬ್ಯಾಕ್ಟೀರಿಯಾ ಆದರೆ ಸ್ಲೈಡ್ ಮೇಲೆ ತೋರಿಸಬಹುದು, ವೈರಸ್ ನಮ್ಮ ಮೈಕ್ರೋಸ್ಕೋಪಿಗೆ ಕಾಣುವುದೇ ಇಲ್ಲ. ಅದಕ್ಕೇ ಈ ಸಲ ಫೇಜ್ ಹಿಡಿದೆವು. ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ ಅದು. ಮನುಷ್ಯರ ತಂಟೆಗೆ ಬರುವುದಿಲ್ಲ, ಊರಿನ ಗಟಾರದ ನೀರಲ್ಲಿ ಬೇಕಾದಷ್ಟು ಸಿಗುತ್ತದೆ. ನೀರು ತಂದು, ಬ್ಯಾಕ್ಟೀರಿಯಾ ದಾಟದಷ್ಟು ಸಣ್ಣ ತೂತಿನ ಫಿಲ್ಟರಿನಲ್ಲಿ ಸೋಸಿ, ಇ. ಕೋಲಿ ಬ್ಯಾಕ್ಟೀರಿಯಾ ಜೊತೆ ತೆಳು ಅಗರ್‌ನಲ್ಲಿ ಕಲಸಿ ಪ್ಲೇಟಿಗೆ ಸುರಿದು 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ, ಬೆಳಿಗ್ಗೆ ಬ್ಯಾಕ್ಟೀರಿಯಾದ ಮಬ್ಬು ಹಾಸಿನ ಮೇಲೆ ಅಲ್ಲಲ್ಲಿ ತೂತು ಬಿದ್ದಿರುತ್ತದೆ. ಒಂದೊಂದು ತೂತೂ ಒಂದೊಂದು ಫೇಜಿನಿಂದ ಶುರುವಾದದ್ದು. ಕಾಣದ ವೈರಸ್ಸನ್ನು ಹೀಗೆ ಎಣಿಸಬಹುದು.

ಆ ದಿನ ನಾವು ನೋಡಬೇಕಿದ್ದದ್ದು, ಬೆಳಕು ಬಿದ್ದಾಗ ಮಾತ್ರ ಕೆಲಸ ಮಾಡುವ ಔಷಧಿ ಹೇಗಿರುತ್ತದೆ ಅಂತ. ಆರಿಸಿಕೊಂಡಿದ್ದು ಮಿಥಿಲೀನ್ ಬ್ಲೂ, ಸ್ಲೈಡಿಗೆ ಬಣ್ಣ ಹಾಕಲು ನಮ್ಮ ಲ್ಯಾಬಿನಲ್ಲಿ ಸದಾ ಇರುವ ಅದೇ ಬಾಟ್ಲಿ. 1876ರಲ್ಲಿ ಬಟ್ಟೆಗೆ ಬಣ್ಣ ಹಾಕಲೆಂದು ಜರ್ಮನಿಯಲ್ಲಿ ಹೈನ್ರಿಕ್ ಕಾರೋ ಮಾಡಿದ ಬಣ್ಣ ಇದು. 1933ರಲ್ಲಿ ಇಂಗ್ಲೆಂಡಿನ ಪರ್ಡ್ರೌ ಮತ್ತು ಟಾಡ್ ಎಂಬಿಬ್ಬರು ಈ ಬಣ್ಣ ಬೆರೆಸಿ ಬೆಳಕು ಬಿಟ್ಟರೆ ಕೆಲವು ವೈರಸ್‌ಗಳು ನಿಷ್ಕ್ರಿಯ ಆಗುತ್ತವೆ ಅಂತ ತೋರಿಸಿದರು. ಅಷ್ಟು ಹಳೆಯ ಸಂಗತಿ, ಆದರೂ ನಮ್ಮ ಹುಡುಗರಲ್ಲಿ ಒಬ್ಬರೂ ಕೇಳಿರಲಿಲ್ಲ.

ನಾಲ್ಕು ಟ್ಯೂಬು ಮಾಡಿದೆವು. ಬರೀ ಫೇಜ್ ಒಂದು. ಫೇಜ್ ಮತ್ತು ಬೆಳಕು ಇನ್ನೊಂದು. ಫೇಜಿಗೆ ಬಣ್ಣ ಹಾಕಿ ಅಡುಗೆಮನೆಯ ಫಾಯಿಲ್ ಸುತ್ತಿದ್ದು ಮತ್ತೊಂದು. ಕೊನೆಯದರಲ್ಲಿ ಫೇಜ್, ಬಣ್ಣ, ಬೆಳಕು ಮೂರೂ. ಬೆಳಕಿಗೆ ಹುಬ್ಬಳ್ಳಿಯಿಂದ ತಂದ ಕೆಂಪು ಎಲ್‌ಇಡಿ ಪಟ್ಟಿ. ಬರೀ ಬಿಸಿಗೇ ಫೇಜ್ ಸತ್ತಿತು ಅಂತ ಯಾರೂ ಹೇಳಬಾರದು, ಅದಕ್ಕೆ ಟ್ಯೂಬುಗಳನ್ನು ಗಾಜಿನ ಬಟ್ಟಲಿನಲ್ಲಿ ತಣ್ಣೀರು ಹಾಕಿ ನಿಲ್ಲಿಸಿದ್ದೆವು. ಕಿಟಕಿಯ ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿ, ಕೆಂಪು ದೀಪ ಹಚ್ಚಿದ ಕೂಡಲೇ ಒಬ್ಬ ಹುಡುಗ "ಮೇಡಮ್, ಇದು ಕರ್ರಗಾತ್ರಿ!" ಅಂದ. ನಿಜ, ಅಷ್ಟೊತ್ತು ತಿಳಿ ನೀಲಿಯಾಗಿದ್ದ ದ್ರಾವಣ ಆ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತಿತ್ತು. ಪಾಠದಲ್ಲಿ ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಅಲ್ಲೇ ಕಣ್ಣೆದುರು ಇತ್ತು. ನೀಲಿ ಬಣ್ಣ ಕೆಂಪು ಬೆಳಕನ್ನು ನುಂಗುತ್ತದೆ. ಆ ಕೋಣೆಯಲ್ಲಿ ಕೆಂಪು ಬಿಟ್ಟರೆ ಬೇರೆ ಬೆಳಕಿಲ್ಲ, ಅದನ್ನೂ ನುಂಗಿದ ಮೇಲೆ ನಮ್ಮ ಕಣ್ಣಿಗೆ ಬರಲು ಏನು ಉಳಿಯಿತು?

ನುಂಗಿದ ಆ ಶಕ್ತಿಯನ್ನು ಬಣ್ಣದ ಅಣು ತನ್ನ ಹತ್ತಿರ ಇಟ್ಟುಕೊಳ್ಳುವುದಿಲ್ಲ, ಪಕ್ಕದ ಆಕ್ಸಿಜನ್‌ಗೆ ದಾಟಿಸುತ್ತದೆ. ಆಗ ಹುಟ್ಟುವುದು ಸಿಂಗ್ಲೆಟ್ ಆಕ್ಸಿಜನ್, ಅಂದರೆ ಹೆಚ್ಚು ಶಕ್ತಿ ತುಂಬಿಕೊಂಡ, ಸುಮ್ಮನಿರದ ಆಕ್ಸಿಜನ್. ನೀರಿನಲ್ಲಿ ಅದರ ಆಯುಷ್ಯ ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂರ್ನಾಲ್ಕು ಭಾಗ ಅಷ್ಟೇ. ಅಷ್ಟರಲ್ಲಿ ಕೈಗೆ ಸಿಕ್ಕಿದ್ದನ್ನು, ಅಂದರೆ ವೈರಸ್ಸಿನ ಕೊಬ್ಬಿನ ಹೊದಿಕೆ, ಪ್ರೋಟೀನು, ಒಳಗಿನ ಆರ್‌ಎನ್‌ಎ, ಡಿಎನ್‌ಎಯಲ್ಲಿರುವ ಗ್ವಾನಿನ್, ಎಲ್ಲವನ್ನೂ ಕೆಡಿಸುತ್ತದೆ. ಪೆಟ್ಟು ಒಂದೇ ಕಡೆ ಬೀಳುವುದಿಲ್ಲವಾದ್ದರಿಂದ ವೈರಸ್ ಒಂದು ಸಣ್ಣ ಬದಲಾವಣೆ ಮಾಡಿಕೊಂಡು ಪಾರಾಗುವುದು ಕಷ್ಟ. ನನಗೆ ಈ ವಿಷಯ ಇಷ್ಟವಾಗುವುದೇ ಇದಕ್ಕೆ.

ನಾಲ್ಕೂ ಟ್ಯೂಬಿನದನ್ನು ಇ. ಕೋಲಿ ಜೊತೆ ಬೇರೆ ಬೇರೆ ಪ್ಲೇಟಿಗೆ ಹಾಕಿಟ್ಟೆವು. ಮರುದಿನ ಬೆಳಿಗ್ಗೆ ಇನ್‌ಕ್ಯುಬೇಟರ್ ತೆಗೆದಾಗ ಮೂರು ಪ್ಲೇಟು ತುಂಬ ತೂತು. ನಾಲ್ಕನೆಯದರಲ್ಲಿ ಹಾಸು ಹಾಗೇ ಇತ್ತು, ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ತೂತು ಬಿಟ್ಟರೆ. ಹುಡುಗರು ಚಪ್ಪಾಳೆ ತಟ್ಟಿದರು. ಗದಗ ಕಡೆಯ ಒಬ್ಬಳು ಮಾತ್ರ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡುತ್ತಲೇ ನಿಂತಿದ್ದಳು.

"ಮೇಡಮ್, ರಕ್ತದ ಬಾಟ್ಲಿಗೆ ಹಿಂಗ ಮಾಡಾಕ ಬರತದೇನ್ರಿ?"

ಅವಳ ತಮ್ಮನಿಗೆ ಥಲಸ್ಸೀಮಿಯಾ. ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಪ್ರತಿ ಸಲ ಅವರಮ್ಮ ಬಾಟ್ಲಿ ನೋಡಿ ದೇವರಿಗೆ ಕೈಮುಗಿಯುತ್ತಾರಂತೆ, ಇದರೊಳಗೆ ಏನೂ ಇರದಿರಲಿ ಅಂತ.

ಸುಮ್ನೆ ಹೂಂ ಅನ್ನುವ ಪ್ರಶ್ನೆ ಅಲ್ಲ ಅದು. ಅರ್ಧ ಉತ್ತರ ಒಳ್ಳೆಯದಿತ್ತು. ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾಕ್ಕೆ, ಅಂದರೆ ಕಣ ತೆಗೆದ ಮೇಲೆ ಉಳಿಯುವ ದ್ರವಕ್ಕೆ, ಇದೇ ಬಣ್ಣ ಹಾಕಿ, ಬೆಳಕು ಬಿಟ್ಟು, ಉಳಿದ ಬಣ್ಣವನ್ನು ಸೋಸಿ ತೆಗೆದು ರೋಗಿಗೆ ಕೊಡುವ ಪದ್ಧತಿ ಯುರೋಪಿನಲ್ಲಿ 1990ರ ದಶಕದಿಂದ ಇದೆ. ಹಾಕುವ ಬಣ್ಣ ತೀರಾ ಕಡಿಮೆ, ಲೀಟರಿಗೆ ಸುಮಾರು ಮಿಲಿಗ್ರಾಮಿನ ಮೂರನೇ ಒಂದು ಭಾಗದಷ್ಟು. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ತರಹದ, ಕೊಬ್ಬಿನ ಹೊದಿಕೆ ಇರುವ ವೈರಸ್‌ಗಳ ಮೇಲೆ ಇದು ಚೆನ್ನಾಗಿ ನಡೆಯುತ್ತದೆ. ಹೊದಿಕೆ ಇಲ್ಲದ ಹೆಪಟೈಟಿಸ್ ಎ, ಪಾರ್ವೊವೈರಸ್ ಇದಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಪ್ಲಾಸ್ಮಾದಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳೂ ಸ್ವಲ್ಪ ಕಡಿಮೆಯಾಗುತ್ತವೆ.

ಆದರೆ ಅವಳ ತಮ್ಮನಿಗೆ ಬೇಕಾದದ್ದು ಪ್ಲಾಸ್ಮಾ ಅಲ್ಲ, ಕೆಂಪು ಕಣ. "ಇಲ್ಲವಾ, ಅದಕ್ಕ ನಡಿಯೂದಿಲ್ಲ" ಅಂತ ಹೇಳಲೇಬೇಕಾಯಿತು. ಹಿಮೋಗ್ಲೋಬಿನ್ ನೇರಳಾತೀತ ಬೆಳಕನ್ನೂ ನೀಲಿ ಬೆಳಕನ್ನೂ ತಾನೇ ನುಂಗಿಬಿಡುತ್ತದೆ. ಕೆಂಪು ಬೆಳಕು ಸ್ವಲ್ಪ ಒಳಗೆ ಹೋಗುತ್ತದೆ ನಿಜ, ಆದರೆ ಆಗ ಹುಟ್ಟುವ ಆಕ್ಸಿಜನ್‌ಗೆ ವೈರಸ್ ಯಾವುದು, ಕೆಂಪು ಕಣದ ಪೊರೆ ಯಾವುದು ಅನ್ನುವ ಭೇದ ಇಲ್ಲ. ಕಣಗಳೇ ಒಡೆಯುತ್ತವೆ. ಬೆಳಕು ಬೇಡದ ಬೇರೆ ರಾಸಾಯನಿಕಗಳ ಮೇಲೆ ಸಂಶೋಧನೆ ನಡೆದಿದೆ. ಇವತ್ತು ಅವಳ ತಮ್ಮನನ್ನು ಕಾಪಾಡುತ್ತಿರುವುದು ರಕ್ತದ ಪರೀಕ್ಷೆ. ನಮ್ಮ ದೇಶದಲ್ಲಿ ಪ್ರತಿ ಬಾಟ್ಲಿಗೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ಸೋಂಕು ತಗಲಿದ ಮೊದಲ ಕೆಲವು ದಿನ ಪರೀಕ್ಷೆಗೂ ಸಿಗುವುದಿಲ್ಲ. ವೈರಸ್ಸಿನ ಆರ್‌ಎನ್‌ಎ, ಡಿಎನ್‌ಎಯನ್ನೇ ನೇರ ಹುಡುಕುವ ನ್ಯಾಟ್ ಪರೀಕ್ಷೆ ಮಾಡಿದರೆ ಆ ದಿನಗಳು ಕಡಿಮೆಯಾಗುತ್ತವೆ, ಆದರೆ ಪೂರ್ತಿ ಹೋಗುವುದಿಲ್ಲ. ಇದನ್ನೆಲ್ಲ ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು.

ಅಷ್ಟರಲ್ಲಿ ನವಲಗುಂದದ ಹುಡುಗನಿಗೆ ಅವನ ಅಜ್ಜಿ ನೆನಪಾದಳು. ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂಡಿಸುತ್ತಿದ್ದಳಂತೆ. ನನಗೆ ಆ ಮಾತು ಬಹಳ ಖುಷಿ ಕೊಟ್ಟಿತು. ಬಾವಂಚಿಯಲ್ಲಿರುವುದು ಸೋರಲೆನ್, ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಅದು ಡಿಎನ್‌ಎಯ ಎರಡೂ ಎಳೆಗಳನ್ನು ಸೇರಿಸಿ ಹೊಲಿದ ಹಾಗೆ ಕಟ್ಟಿಹಾಕುತ್ತದೆ. ಅದರದೇ ಜಾತಿಯ ಅಮೊಟೊಸಾಲೆನ್ ಅನ್ನು ಇವತ್ತು ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್ ಚೀಲಗಳಲ್ಲಿ ವೈರಸ್ ಕೆಡಿಸಲು ಬಳಸುತ್ತಾರೆ. ಹಾಗಂತ ಬಾವಂಚಿ ಹಚ್ಚಿಕೊಂಡು ತಾವೇ ಬಿಸಿಲಿಗೆ ಕೂಡುವುದು ಬೇಡ, ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

ಮಿಥಿಲೀನ್ ಬ್ಲೂ ಬಗ್ಗೆಯೂ ಇದೇ ಮಾತು, ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಕೋವಿಡ್ ವೇಳೆ ಇದನ್ನು ಕುಡಿಯಿರಿ ಅಂತ ವಾಟ್ಸಾಪ್‌ನಲ್ಲಿ ಹರಿದಾಡಿತ್ತು ಅಲ್ವಾ? ಹೊಟ್ಟೆಯೊಳಗೆ, ಶ್ವಾಸಕೋಶದೊಳಗೆ ಯಾವ ದೀಪ ಹಚ್ಚುತ್ತೀರಿ? ಕೆಂಪು ಕಣವನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಇದರಿಂದ ರಕ್ತಕಣ ಒಡೆಯುತ್ತವೆ. ಖಿನ್ನತೆಗೆ ಗುಳಿಗೆ ತಗೊಳ್ಳುವ ಕೆಲವರಿಗೆ ಜೀವಕ್ಕೇ ಕುತ್ತು ಬರಬಹುದು. ವೈದ್ಯರು ಕೆಲವು ಕಾಯಿಲೆಗೆ ಇದನ್ನು ಕೊಡುತ್ತಾರೆ, ಅದು ಅವರು ನೋಡಿ, ಅಳೆದು ಕೊಡುವುದು.

ಗದಗದ ಹುಡುಗಿ ಈ ಸೆಮಿಸ್ಟರಿನ ಪ್ರಾಜೆಕ್ಟಿಗೆ ಅರಿಶಿನದ ಕರ್ಕ್ಯುಮಿನ್ ತಗೊಂಡಿದ್ದಾಳೆ. ಅದಕ್ಕೆ ನೀಲಿ ಬೆಳಕು ಬೇಕು. ನೀರಿನಲ್ಲಿ ಕರಗುವುದಿಲ್ಲ, ಆಲ್ಕೋಹಾಲ್‌ನಲ್ಲಿ ಕರಗಿಸಬೇಕು, ಹಾಗಾಗಿ ಬರೀ ಆಲ್ಕೋಹಾಲ್ ಹಾಕಿದ ಐದನೇ ಟ್ಯೂಬು ಇಡಲೇಬೇಕು ಅಂತ ನಾನು ಹೇಳುವ ಮೊದಲೇ ಅವಳು ಬರೆದುಕೊಂಡು ಬಂದಿದ್ದಳು. ನೀಲಿ ಎಲ್‌ಇಡಿ ಬಂದಿದೆ. ಗಟಾರದ ನೀರು ಸೋಮವಾರ ತರುತ್ತೇವೆ.